ಪ್ರತಿಭಾ ಮಾಡಿದ ಸೀಬೆಹಣ್ಣಿನ ಪಾಕ

ನಾನು ಕಾಯಿಸಿದ ಸೀಬೆಹಣ್ಣಿನ ಪಾಕದ ವಾಸನೆ ಹಿಡಿದು ಹೇಮಾವತಿ ಹೊಳೆ ಒಂದು ಭಾನುವಾರ ಸಂಜೆ ಹೊಳೆನರಸೀಪುರದ ಸೇತುವೆ ಕೆಳಗೆ ಹರಿಯುವುದನ್ನೇ ಮರೆತು ನಿಂತುಬಿಟ್ಟಿತ್ತು. ಸುಳ್ಳಲ್ಲ. ಸೇತುವೆ ಮೇಲೆ ಬರುತ್ತಿದ್ದ ಬಸ್ಸೂ ನಿಂತಿತ್ತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಮೂಗರಳಿಸುತ್ತಿದ್ದರೆ ಹಿಂದೆ ಕೂತವರು ಟಿಕೆಟ್ಟು ಬಿಟ್ಟು ಇಳಿಯಲು ತಯಾರಾಗಿದ್ದರು. ನಂಬದವರು ಹೊಳೆಯನ್ನೇ ಕೇಳಿಕೊಳ್ಳಬಹುದು, ನನ್ನದೇನೂ ಅಡ್ಡಿಯಿಲ್ಲ.

ನನ್ನ ಹೆಸರು ಚಂದ್ರಮೌಳಿ. ಹಾಸನದ ಏಜೆಂಟರೊಬ್ಬರ ಹತ್ತಿರ ಲೈನ್ ಸೇಲ್ ಕೆಲಸ. ಸಣ್ಣ ಗೂಡ್ಸ್ ಗಾಡಿಗೆ ಬಿಸ್ಕತ್ತು, ಜಾಮು, ಸಾಸ್ ಬಾಟಲಿ ತುಂಬಿಕೊಂಡು ಒಂದು ದಿನ ಚನ್ನರಾಯಪಟ್ಟಣ, ಒಂದು ದಿನ ಅರಕಲಗೂಡು ಅಂತ ಅಂಗಡಿ ಅಂಗಡಿಗೆ ಇಳಿಸುತ್ತ ಹೋಗುವುದು. ನಾನು ಬಾಯಿ ತೆರೆದರೆ ಶಾಂತಿಗ್ರಾಮದಲ್ಲಿ ಸಕ್ಕರೆ ಕಾಯಿಲೆಯ ಅಂಗಡಿಯವನೂ ತಾನೇ ತಿನ್ನುವವನ ಹಾಗೆ ಡಜನ್‌ಗಟ್ಟಲೆ ಜಾಮು ಇಳಿಸಿಕೊಳ್ಳುತ್ತಾನೆ. ಜಿಲ್ಲೆಯಲ್ಲಿ ನನ್ನ ಮಾತಿಗೆ ಬೀಳದವನು ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೆ ಅವನು ಕಿವುಡ.

ಆದರೆ ಪಾಕವಾಗಲಿ ಮಾರಾಟವಾಗಲಿ ನನ್ನ ದೊಡ್ಡ ಸಾಧನೆಯಲ್ಲ. ನಾನು ಕೈಯಾರೆ ತಯಾರಿಸಿದ್ದರಲ್ಲಿ ಅತ್ಯುತ್ತಮವಾದದ್ದು ನನ್ನ ಹೆಂಡತಿ. ಹೆಸರು ಪ್ರತಿಭಾ. ಕೊಣನೂರಿನಲ್ಲಿ ಟೀಚರು. ನಮ್ಮಿಬ್ಬರ ನಡುವೆ ಈವತ್ತಿನವರೆಗೆ ಒಂದು ಮಾತು ಮೇಲಾಗಿಲ್ಲ, ಒಂದು ತಟ್ಟೆ ಸದ್ದಾಗಿಲ್ಲ. ಆಗುವುದಾದರೂ ಹೇಗೆ, ಅವಳು ಇದ್ದರೆ ತಾನೇ. ಪ್ರತಿಭಾ ಅನ್ನುವವಳು ಈ ಭೂಮಿಯ ಮೇಲೆ ಇಲ್ಲ. ಹೊಳೆನರಸೀಪುರದಲ್ಲಿ ಬಾಡಿಗೆ ಮನೆ ಹಿಡಿದ ದಿನ, ಮನೆಯೊಡತಿ ಅನಸೂಯಕ್ಕನ ಎದುರು ನಿಂತು ನಾನು ಅವಳನ್ನು ಹುಟ್ಟಿಸಿದೆ.

ತಪ್ಪು ನನ್ನದಲ್ಲ. ಒಂಟಿ ಗಂಡಸಿಗೆ ಯಾರು ಮನೆ ಕೊಡುತ್ತಾರೆ ಹೇಳಿ. ಹಾವಾಡಿಗನಿಗಾದರೂ ಕೊಟ್ಟಾರು, ನಲವತ್ತು ದಾಟಿದ ಬ್ರಹ್ಮಚಾರಿಗೆ ಕೊಡುವುದಿಲ್ಲ. ಅನಸೂಯಕ್ಕ, ಅವರ ಗಂಡ ಕೆಂಪಣ್ಣ ಇರುವುದು ಮುಂದಿನ ಮನೆಯಲ್ಲಿ. ಹಿತ್ತಿಲ ಕಡೆಗೆ ಒಂದು ಹಜಾರ, ಅಡುಗೆಮನೆ, ಅದರ ಹಿಂದೆ ಬಚ್ಚಲು ಇರುವ ಪುಟ್ಟ ಮನೆ ಬಾಡಿಗೆಗಿತ್ತು. ಒಂಟಿ ಅಂದರೆ ಬಾಗಿಲು ಮುಚ್ಚುತ್ತಾರೆ ಅಂತ, “ನಮ್ಮನೆಯವರು ಕೊಣನೂರಲ್ಲಿ ಟೀಚರು, ಟ್ರಾನ್ಸ್‌ಫರ್ ಆಗೋವರೆಗೂ ಅಲ್ಲೇ ಇರ್ತಾರೆ” ಅಂದುಬಿಟ್ಟೆ. ಒಂದು ಸೂರಿಗೋಸ್ಕರ ಹೇಳಿದ ಮಾತು, ಅಷ್ಟೇ.

ನಿಜವಾದ ಮದುವೆ ಯಾಕಾಗಲಿಲ್ಲ ಅಂತ ಕೇಳಬೇಡಿ. ಹೆಣ್ಣು ನೋಡಲು ಹೋದ ಕಡೆಯೆಲ್ಲ ನನಗೆ ಕೊಟ್ಟ ಉಪ್ಪಿಟ್ಟನ್ನು ಒಂದು ಕಡೆ ರಾಶಿ ಹಾಕಿದ್ದರೆ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಪಕ್ಕಕ್ಕೆ ಇನ್ನೊಂದು ಬೆಟ್ಟ ಎದ್ದಿರುತ್ತಿತ್ತು. ಹುಡುಗಿಯರಿಗೆ ನನ್ನ ಮಾತು ಹಿಡಿಸುತ್ತಿತ್ತು. ಅವರ ಅಪ್ಪಂದಿರು ಮಾತ್ರ ಮಾರನೆಯ ದಿನವೇ ನಮ್ಮೂರಿಗೆ ಬಂದು, ನಾನು ಹೇಳಿದ ತೆಂಗಿನ ತೋಟ ಯಾವ ಕಡೆಗಿದೆ ಅಂತ ದಾರಿಹೋಕರನ್ನು ಕೇಳುತ್ತಿದ್ದರು.

ಹೆಂಡತಿ ಹುಟ್ಟಿದ ಮೇಲೆ ಅವಳಿಗೊಂದು ಗುರುತು ಬೇಡವೇ. ಚನ್ನರಾಯಪಟ್ಟಣದ ಪಾತ್ರೆ ಅಂಗಡಿಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿಗಳನ್ನು ಕೊಂಡೆ. ಅಂಗಡಿಯವನು ಹೆಸರು ಕೊರೆಯುವ ಮಿಷನ್ನು ಕೈಗೆತ್ತಿಕೊಂಡು, “ಮೇಡಮ್ಮೋರ ಎಸ್ರು ಏಳಿ ಸಾ” ಅಂದ.

“ಪ್ರತಿಭಾ.”

“ಬರೀ ಪ್ರತಿಭಾನಾ? ಮುಂದ್ಕೇನೂ ಬ್ಯಾಡ್ವಾ?”

“ಚಂ ಅಂತ ಹಾಕಿ.”

ಮಿಷನ್ನು ಕರ್ರ್ ಅಂತ ಸ್ಟೀಲಿನ ಮೇಲೆ ಓಡಿತು. ತಾಳಿ ಕಟ್ಟುವಾಗ ಗಟ್ಟಿಮೇಳ ಎದೆಯೊಳಗೆ ಹೇಗೆ ಕೇಳಿಸುತ್ತದೋ ನನಗೆ ಗೊತ್ತಿಲ್ಲ. ನನಗೆ ಆ ಸದ್ದೇ ಸಾಕಾಯಿತು. ‘ಪ್ರತಿಭಾ ಚಂ.’ ಎಂಬ ಚುಕ್ಕೆ ಚುಕ್ಕೆಯ ಅಕ್ಷರದ ಮೇಲೆ ಬೆರಳಾಡಿಸಿಕೊಂಡು ಗಾಡಿಗೆ ಬಂದೆ.

ಇನ್ನು ಹೆಂಡತಿ ಅಂದಮೇಲೆ ಭಾನುವಾರ ನೋಡಿಕೊಂಡು ಬರಬೇಕಲ್ಲ. ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿಕೊಂಡು, ಅನಸೂಯಕ್ಕನಿಗೆ ಕಾಣುವ ಹಾಗೆ ಹೂವು ಕೊಂಡು, ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ ಕೊಣನೂರಿಗೆ ಹೋಗುತ್ತಿದ್ದೆ. ಅಲ್ಲಿ ಇಳಿದು ಏನು ಮಾಡುತ್ತಿದ್ದೆ ಅಂದರೆ, ಆ ಊರಿನಲ್ಲಿ ನನ್ನನ್ನು ಕಂಡರೆ ಎದ್ದು ನಿಲ್ಲದವರಿರಲಿಲ್ಲ. ಸರಿ, ಒಂದು ನಾಯಿ ಎದ್ದು ನಿಲ್ಲುತ್ತಿತ್ತು. ಕಾವೇರಿ ದಡದಲ್ಲಿ ಅದರ ಜೊತೆ ಕೂತು ಬನ್ನು ತಿಂದು, ಬಟ್ಟೆ ಒಗೆಯುವವರನ್ನು ನೋಡಿ, ಹೂವನ್ನು ನೀರಿಗೆ ಬಿಟ್ಟು, ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿಯವನ ಬಳಿ ಉಳಿದ ಮೆತ್ತನೆಯ ಸೀಬೆಹಣ್ಣು ತೆಗೆದುಕೊಂಡು ವಾಪಸ್ಸಾಗುತ್ತಿದ್ದೆ. ಹಣ್ಣಿನ ಗಾಡಿಯವನು ಒಮ್ಮೆ, “ಇಷ್ಟೊಂದು ಮೆತ್ಗಿರೋವ್ನ ಏನ್ ಮಾಡ್ತೀರ ಸಾ?” ಅಂದಿದ್ದ. ಮನೆಯಲ್ಲಿ ಪಾಕ ಮಾಡ್ತಾರೆ ಅಂದಿದ್ದೆ. ಅವನಿಗೆ ಸುಳ್ಳು ಹೇಳಬೇಕಾದ ಅಗತ್ಯವೇನಿತ್ತೋ.

ಪಾಕ ಮಾಡುವುದನ್ನು ಕೇಳಿ. ತೀರಾ ಸುಲಭ, ಅದಕ್ಕೇ ಯಾರಿಗೂ ಬರುವುದಿಲ್ಲ. ಒಳಗೆ ಕೆಂಪಗಿರುವ ಸೀಬೆ ಆದರೆ ಒಳ್ಳೆಯದು. ಹೆಚ್ಚಿ, ಹಣ್ಣು ಮುಳುಗುವಷ್ಟು ನೀರು ಹಾಕಿ ಬೇಯಿಸಬೇಕು. ಬೆಂದದ್ದನ್ನು ಹಿಸುಕಿ ಜರಡಿಯಲ್ಲಿ ಸೋಸಿದರೆ ಬೀಜ ಮೇಲುಳಿದು ತಿರುಳು ಕೆಳಗಿಳಿಯುತ್ತದೆ. ಅದಕ್ಕೆ ಸಕ್ಕರೆ, ಒಂದು ಚೂರು ಚಕ್ಕೆ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಒಂದು ಹನಿಯನ್ನು ತಟ್ಟೆಗೆ ಬಿಟ್ಟು ನಡುವೆ ಬೆರಳಲ್ಲಿ ಗೆರೆ ಎಳೆದರೆ, ಎರಡು ಕಡೆಯವರೂ ಮುನಿಸಿಕೊಂಡ ಬೀಗರ ಹಾಗೆ ಸ್ವಲ್ಪ ಹೊತ್ತು ದೂರ ನಿಂತು ಆಮೇಲೆ ನಿಧಾನಕ್ಕೆ ಹತ್ತಿರ ಸರಿಯಬೇಕು. ಆಗ ಇಳಿಸಿ ನಿಂಬೆರಸ ಹಿಂಡುವುದು. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಅದಕ್ಕೇ ತೆಳ್ಳಗಿರುವಾಗಲೇ ಇಳಿಸಬೇಕು. ಆಸೆಪಟ್ಟು ಇನ್ನೊಂದು ಗಳಿಗೆ ಬಿಟ್ಟಿರೋ ತಳ ಹಿಡಿಯಿತು. ತಳ ಹಿಡಿದ ಪಾಕಕ್ಕೆ ಬ್ರಹ್ಮ ಬಂದರೂ ಗತಿಯಿಲ್ಲ. ಬೆಳಿಗ್ಗೆ ದೋಸೆಗೆ, ಬ್ರೆಡ್ಡಿಗೆ, ಮಧ್ಯಾಹ್ನ ಒತ್ತುಶಾವಿಗೆ ಮೇಲೆ, ಊಟವಾದ ಮೇಲೆ ಐಸ್‌ಕ್ರೀಮಿಗೆ, ಯಾವುದಕ್ಕೂ ಒಗ್ಗುತ್ತದೆ.

ಭಾನುವಾರ ಸಂಜೆ ಬಾಗಿಲಿಗೆ ಅಗುಳಿ ಹಾಕಿ, ಕಿಟಕಿ ಮುಚ್ಚಿ, ವಾಸನೆ ಆಚೆ ಹೋಗದಿರಲೆಂದು ಊದುಬತ್ತಿ ಹಚ್ಚಿಟ್ಟು ಇದನ್ನು ಮಾಡುತ್ತಿದ್ದೆ. ಬೀದಿಯವರು ನನ್ನನ್ನು ಭಾರೀ ದೈವಭಕ್ತ ಅಂದುಕೊಂಡಿದ್ದರು. ಸೋಮವಾರ ಬೆಳಿಗ್ಗೆ ಡಬ್ಬಿ ಹಿಡಿದು ಅನಸೂಯಕ್ಕನ ಬಾಗಿಲಿಗೆ ಹೋಗಿ, “ಪ್ರತಿಭಾ ಕೊಟ್ಟು ಕಳಿಸಿದ್ಲು” ಅನ್ನುತ್ತಿದ್ದೆ. ಗಂಡಸೊಬ್ಬ ತಾನೇ ಮಾಡಿದ್ದು ಅಂತ ಬಟ್ಟಲು ಹಿಡಿದು ಪಕ್ಕದ ಮನೆ ಬಾಗಿಲಲ್ಲಿ ನಿಂತರೆ ಏನಂದುಕೊಳ್ಳುತ್ತಾರೆ. ಹೆಂಡತಿ ಕಳಿಸಿದ್ದು ಅಂದರೆ ಕೂತುಕೊಳ್ಳಿ ಅನ್ನುತ್ತಾರೆ, ಕಾಫಿ ಕೊಡುತ್ತಾರೆ.

ಕೆಂಪಣ್ಣ ದೋಸೆಗೆ ಹಾಕಿಕೊಂಡು ಬೆರಳು ನೆಕ್ಕುತ್ತ ಹೆಂಡತಿಯನ್ನು ಕೆಣಕುತ್ತಿದ್ದ. “ನೋಡಮ್ಮಿ, ಕೈ ಅಂದ್ರೆ ಇದು. ನಿನ್ ಕೈಗೆ ಅಣ್ಣು ಕೊಟ್ಟಿದ್ರೆ ಇಷ್ಟೊತ್ಗೆ ಪೋಸ್ಟರ್ ಅಂಟ್ಸೋ ಗೋಂದು ಮಾಡಿಟ್ಟಿರೋಳು.”

“ಅಂಗಾದ್ರೆ ಕೊಣನೂರಿಗೇ ಓಗಿ ಉಣ್ಕೊಂಡ್ ಬನ್ನಿ,” ಅನಸೂಯಕ್ಕ ತವದ ಮೇಲಿನ ದೋಸೆ ಬಿಡದೆ ಹೇಳುತ್ತಿದ್ದರು. “ಬಸ್ ಚಾರ್ಜು ನಾನೇ ಕೊಡ್ತೀನಿ, ವಾಪಸ್ ಬರೋದ್ಕೆ ಮಾತ್ರ ಕೇಳ್ಬ್ಯಾಡಿ.”

ನಮ್ಮ ಕಡೆ ಒಂದು ಪದ್ಧತಿಯಿದೆ, ನಿಮ್ಮಲ್ಲೂ ಇದ್ದೀತು. ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ವಾಪಸ್ಸು ಕೊಡಬಾರದು. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ನನ್ನ ಡಬ್ಬಿ ಎರಡು ಮೂರು ದಿನ ಬಿಟ್ಟು ಅವರೆಕಾಳಿನ ಸಾರೋ, ಕಡುಬೋ, ನುಚ್ಚಿನುಂಡೆಯೋ ತುಂಬಿಕೊಂಡು ಬರುತ್ತಿತ್ತು. ನಾನದನ್ನು ಕಾಯುತ್ತಿದ್ದದ್ದು ಊಟಕ್ಕಲ್ಲ. ಡಬ್ಬಿ ಕೊಡಲು ಬಂದ ಅನಸೂಯಕ್ಕ ಹೊಸ್ತಿಲ ಹತ್ತಿರ ನಿಂತು ಕೇಳುತ್ತಿದ್ದರು.

“ಪ್ರತಿಭಾಗೆ ನೆಗಡಿ ಅಂದಿದ್ರಲ್ಲ, ವಾಸಿ ಆಯ್ತಾ?”

“ಆಯ್ತು ಅಕ್ಕ. ಮಳೇಲಿ ನೆನ್ಕೊಂಡು ಸ್ಕೂಲಿಗೆ ಹೋಗ್ತಾಳೆ, ಕೊಡೆ ತಗೊಂಡ್ಹೋಗು ಅಂದ್ರೆ ಕೇಳಲ್ಲ.”

“ನೀವು ಬೈಬ್ಯಾಡಿ ಪಾಪ. ಮೆಣಸಿನ ಸಾರು ಮಾಡ್ಕಂಡ್ ಕುಡಿ ಅಂತ ಏಳಿ.”

ಯೋಚಿಸಿ ನೋಡಿ. ವಾರವೆಲ್ಲ ಅಂಗಡಿಯವರು ನನ್ನನ್ನು ಕೇಳುವುದು ಸ್ಕೀಮು ಏನಿದೆ, ಡೇಟು ಮುಗಿದ ಮಾಲು ಯಾವಾಗ ವಾಪಸ್ಸು ತಗೋತೀರಿ ಅಂತ. ಇವರೊಬ್ಬರು ನನ್ನ ಮನೆಯ ನೆಗಡಿ ಕೇಳುತ್ತಿದ್ದರು. ಆ ಮಾತು ಮುಗಿದು ಬಾಗಿಲು ಹಾಕಿಕೊಂಡರೆ ಮನೆ ಎಷ್ಟು ನಿಶ್ಶಬ್ದವಾಗುತ್ತಿತ್ತು ಅಂದರೆ, ಗೋಡೆಯ ಮೇಲೆ ಹಲ್ಲಿ ಕಣ್ಣು ಮಿಟುಕಿಸಿದ್ದು ನನಗೆ ಕೇಳಿಸುತ್ತಿತ್ತು. ನಾನು ಮೆಣಸಿನ ಸಾರು ಮಾಡಿಕೊಂಡು ಕುಡಿದೆ. ಅಷ್ಟಾದರೂ ಮಾಡಬೇಡವೇ.

ಅನಸೂಯಕ್ಕ ಡಬ್ಬಿಯ ಜೊತೆ ಒಮ್ಮೊಮ್ಮೆ ಮಲ್ಲಿಗೆ ದಂಡೆ ಕೊಡುತ್ತಿದ್ದರು, ಪ್ರತಿಭಾಗೆ ಅಂತ. ಅದನ್ನು ಎಸೆಯುವುದು ಹೇಗೆ. ಅಡುಗೆಮನೆಯ ಮೊಳೆಗೆ ನೇತುಹಾಕಿದೆ. ಒಣಗಿದ ದಂಡೆಗಳು ಒಂದರ ಮೇಲೊಂದು ಸೇರಿ ಗುಬ್ಬಚ್ಚಿ ಗೂಡಿನ ಹಾಗಾದವು.

ಹೀಗೇ ಇನ್ನೂ ನೂರಾರು ವರ್ಷ ನಡೆಸಬಲ್ಲೆ ಅಂದುಕೊಂಡಿದ್ದೆ. ಅಷ್ಟರಲ್ಲಿ ಗೌರಿ ಹಬ್ಬ ಬಂತು.

“ಮೌಳಪ್ಪ, ಈ ಸಲ ಪ್ರತಿಭಾಗೆ ಒಂದು ಬಾಗಿನ ಎತ್ತಿಡ್ತೀನಿ,” ಅಂದರು ಅನಸೂಯಕ್ಕ. “ಹಬ್ಬಕ್ಕೆ ಕರ್ಕಂಡ್ ಬನ್ನಿ.”

ಬಾಗಿನ ಅಂದರೆ ಗೊತ್ತಲ್ಲ. ಮೊರದಲ್ಲಿ ಬಳೆ, ಕುಂಕುಮ, ರವಿಕೆ ಬಟ್ಟೆ, ಬೇಳೆ, ಬೆಲ್ಲ ಜೋಡಿಸಿ, ಮೇಲೊಂದು ಮೊರ ಮುಚ್ಚಿ, ಗೌರಿಯ ಮುಂದಿಟ್ಟು ಪೂಜೆ ಮಾಡಿ, ಮುತ್ತೈದೆಯ ಕೈಗೇ ಕೊಡಬೇಕು. ಗಂಡನ ಕೈಯಲ್ಲಿ ಕಳಿಸುವ ಹಾಗಿಲ್ಲ. ಕೊಟ್ಟಾಗುವವರೆಗೆ ಕೊಡುವವಳು ಊಟ ಮಾಡುವುದಿಲ್ಲ.

ನಾನು ಬಿಡುತ್ತೇನೆಯೇ. ಎಲೆಕ್ಷನ್ ಡ್ಯೂಟಿ ಅಂದೆ. ಯಾವ ಎಲೆಕ್ಷನ್ನು ಅಂದರು. ಅತ್ತೆಗೆ ಹುಷಾರಿಲ್ಲ ಅಂದೆ. ಹೋದ ತಿಂಗಳು ಅತ್ತೆ ತೀರಿಕೊಂಡರು ಅಂತ ನಾನೇ ಹೇಳಿ ಅವರ ಹತ್ತಿರ ಸಮಾಧಾನ ಮಾಡಿಸಿಕೊಂಡಿದ್ದು ನೆನಪಾಗಿ, ಅತ್ತೆಯ ತಂಗಿಗೆ ಅಂತ ತಿದ್ದಿದೆ.

“ಹಂಗಾದ್ರೆ ನಾನೇ ಕೊಣನೂರಿಗೆ ಬತ್ತೀನಿ ಬುಡಿ,” ಅಂದರು ಅನಸೂಯಕ್ಕ. “ಹಬ್ಬದ ದಿನ ಬಸ್ಸು ಸಿಕ್ತದೆ. ಆ ಮಗಾನ ನಾನೂ ನೋಡ್ದಂಗಾಯ್ತದೆ.”

ಬೇಡ ಬೇಡ, ಅವಳೇ ಬರುತ್ತಾಳೆ ಅಂದೆ. ಬಸ್ಸು ತಪ್ಪಿತು ಅಂತ ಹಬ್ಬದ ದಿನ ಹೇಳಿದರಾಯಿತು ಎಂಬುದು ನನ್ನ ಯೋಜನೆ. ಆದರೆ ಕೆಂಪಣ್ಣ ಒತ್ತುಶಾವಿಗೆಗೆ ಪಾಕ ಬೇಕೇಬೇಕು ಅಂದಿದ್ದ, ನಾನು ಬಾಯಿ ತಪ್ಪಿ, “ಬಂದವಳು ಬಿಸಿಬಿಸಿಯಾಗಿ ಇಲ್ಲೇ ಮಾಡ್ತಾಳೆ” ಅಂದಿದ್ದೆ. ಮೊದಲು ಪಾಕ ಮಾಡಿಟ್ಟು, ಅವಳು ಮಾಡಿಟ್ಟು ತುರ್ತಾಗಿ ವಾಪಸ್ಸು ಹೋದಳು ಅಂದರೆ ಇನ್ನೂ ಚೆನ್ನಾಗಿರುತ್ತದೆ ಅನ್ನಿಸಿತು. ಹಬ್ಬದ ಬೆಳಿಗ್ಗೆ ಹಣ್ಣು ಸೋಸಿ, ಸಕ್ಕರೆ ಹಾಕಿ ಒಲೆಯ ಮೇಲಿಟ್ಟು ತಿರುವುತ್ತಿದ್ದೆ. ಇನ್ನೇನು ಹದಕ್ಕೆ ಬರಬೇಕು, ಯಾರೋ ಬಾಗಿಲು ಬಡಿದರು.

ಅನಸೂಯಕ್ಕ. ಹೊಸ ಸೀರೆ, ಕೆನ್ನೆಗೆ ಅರಿಶಿನ, ಎರಡೂ ಕೈಯಲ್ಲಿ ಮುಚ್ಚಿದ ಮೊರ.

“ಬಂದ್ಲಾ?” ಅಂದರು. ಒಳಗಿಂದ ಸೀಬೆಹಣ್ಣಿನ ಘಮ ಬರುತ್ತಿತ್ತು. ಊದುಬತ್ತಿ ಹಚ್ಚುವುದನ್ನು ಮರೆತಿದ್ದೆ. ಅವರ ಮುಖ ಅರಳಿತು. “ಬಂದವ್ಳೆ. ಪಾಕ ಇಟ್ಟವ್ಳೆ.”

ಆ ಮುಖ ನೋಡಿ, ಆಗಲೇ ವಾಪಸ್ಸು ಹೋದಳು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. “ಹೂಂ ಅಕ್ಕ. ಈಗಷ್ಟೇ ಸ್ನಾನಕ್ಕೆ ಹೋದ್ಲು” ಅಂದೆ.

“ಹೋಗ್ಲಿ ಬುಡಿ, ಕಾಯ್ತೀನಿ,” ಅಂತ ಹಜಾರದ ಕುರ್ಚಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ಟವೆಲ್ ಕೊಟ್ಟು ಬರುತ್ತೇನೆ ಅಂತ ಅಡುಗೆಮನೆ ದಾಟಿ ಬಚ್ಚಲಿಗೆ ಹೋದೆ, ಬಾಗಿಲು ಹಾಕಿಕೊಂಡೆ. ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಎತ್ತಿ ನೆಲಕ್ಕೆ ಸುರಿದೆ. ಮತ್ತೆ ಸುರಿದೆ. ಹೆಂಗಸು ಸ್ನಾನ ಮಾಡುವ ಸದ್ದನ್ನು ನಾನು ಮಾಡಿದಷ್ಟು ಚೆನ್ನಾಗಿ ಹೆಂಗಸರೇ ಮಾಡಲಾರರು. ಚೊಂಬನ್ನು ಬಕೆಟ್ಟಿನ ಅಂಚಿಗೆ ತಾಗಿಸಿ ಟಿಣ್ ಅನ್ನಿಸಿದೆ. ಹಿಂದಿನ ಗೋಡೆಯ ಮೂಲಕ ಯಾರಾದರೂ ಪ್ರತಿಭಾಳನ್ನು ಕಳಿಸಿಕೊಡುತ್ತಾರೇನೋ ಅನ್ನುವ ಹಾಗೆ ಸುರಿಯುತ್ತಲೇ ಇದ್ದೆ. ಪ್ಯಾಂಟು ಮೊಣಕಾಲಿನವರೆಗೆ ನೆನೆಯಿತು.

“ಮೌಳಪ್ಪ,” ಹಜಾರದಿಂದ ಅನಸೂಯಕ್ಕನ ದನಿ ಬಂತು. “ಪಾಕ ಸೀಯೋ ವಾಸ್ನೆ ಬತ್ತಾ ಐತೆ. ನನ್ ಕೈಲಿ ಬಾಗಿನ ಐತೆ, ಕೆಳಗಿಕ್ಕಂಗಿಲ್ಲ.”

ನಾನು ನೀರು ಸುರಿದೆ.

“ಪ್ರತಿಭಾ, ಲೇ ಮಗಾ, ತಳ ಹಿಡೀತೈತೆ ಕಣವ್ವ.”

ಉತ್ತರ ಕೊಡಬೇಕಾದವಳು ಇರಲಿಲ್ಲ. ಬಕೆಟ್ಟಿನಲ್ಲಿ ನೀರು ಮುಗಿದಿತ್ತು. ಸಕ್ಕರೆ ಕಪ್ಪಾಗುವ ಮೊದಲಿನ ವಾಸನೆ ಬಚ್ಚಲಿನವರೆಗೂ ಬಂದಿತು. ಸುಳ್ಳು ಸುಟ್ಟುಹೋದರೆ ಸಹಿಸಿಕೊಂಡೇನು, ಪಾಕ ಸುಡುವುದನ್ನು ನನ್ನ ಕೈ ಸಹಿಸಲಿಲ್ಲ. ಓಡಿಬಂದು ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಇಳಿಸಿದೆ. ತಳ ಕೆರೆಯದೆ ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಂಡೆ. ಚಮಚದಲ್ಲಿ ರುಚಿ ನೋಡಿ, ನಿಂಬೆ ಹಿಂಡಿ, ಹನಿಯನ್ನು ತಟ್ಟೆಗೆ ಬಿಟ್ಟು ಗೆರೆ ಎಳೆದೆ. ಉಳಿದಿತ್ತು. ತಲೆಯೆತ್ತಿದರೆ ಅನಸೂಯಕ್ಕ ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದರು. ನನ್ನ ಕೈ ನೋಡುತ್ತಿದ್ದರು. ಆಮೇಲೆ ಒದ್ದೆ ಪ್ಯಾಂಟು, ತೆರೆದ ಬಚ್ಚಲ ಬಾಗಿಲು, ಮೊಳೆಯಲ್ಲಿ ಒಣಗಿದ ಮಲ್ಲಿಗೆ ದಂಡೆಗಳನ್ನು ನೋಡಿದರು.

“ಇಷ್ಟ್ ದಿನ ನಾವು ತಿಂದಿದ್ದು ಈ ಕೈನೇ,” ಅಂದರು.

ನಾನು ಚಮಚ ಕೆಳಗಿಟ್ಟೆ.

“ಅವ್ಳೆಲ್ಲಿ?”

ಸಾಯಿಸುವುದು ಸುಲಭವಿತ್ತು. ನಿಮಗೆ ಹೇಳದೆ ಮುಚ್ಚಿಟ್ಟಿದ್ದೆ ಅಕ್ಕ, ಅವಳು ತೀರಿಕೊಂಡು ವರ್ಷಗಳಾದವು ಅಂದಿದ್ದರೆ ಅನಸೂಯಕ್ಕ ಅಲ್ಲೇ ಅತ್ತುಬಿಡುತ್ತಿದ್ದರು. ಆಮೇಲೂ ಡಬ್ಬಿಗಳು ಬರುತ್ತಿದ್ದವು, ಇನ್ನೂ ಹೆಚ್ಚು ತುಂಬಿಕೊಂಡು ಬರುತ್ತಿದ್ದವು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಕೈಯಲ್ಲಿದ್ದ ಮೊರ ನೋಡಿದೆ. ನುಂಗಿಕೊಂಡೆ.

“ಇಲ್ಲ,” ಅಂದೆ. “ಅವಳು ಯಾವತ್ತೂ ಇರಲಿಲ್ಲ.”

ಅನಸೂಯಕ್ಕ ಮೊರವನ್ನು ಎದೆಗೊತ್ತಿಕೊಂಡರು. ಆಮೇಲೆ ಬಂದ ಮಾತಿನಲ್ಲಿ ಬಹುವಚನ ಬಿದ್ದುಹೋಗಿತ್ತು. “ಗೌರಮ್ಮನ ಮುಂದೆ ಅವ್ಳ ಎಸ್ರು ಏಳಿ ಈ ಮೊರಕ್ಕೆ ಅರಿಶಿನ ಹಚ್ಚಿದ್ದೀನಿ ಕಣೋ. ಅವ್ಳ ನೆಗಡಿಗೆ ನಾನು ದ್ಯಾವ್ರಿಗೆ ಕೈ ಮುಗ್ದಿದ್ದೀನಿ. ಏನ್ ಆಟ ಇದು?”

“ಮನೆಗೋಸ್ಕರ ಹೇಳಿದೆ ಅಕ್ಕ. ಒಂಟಿ ಗಂಡಸಿಗೆ ಯಾರು ಮನೆ ಕೊಡ್ತಾರೆ.”

“ಯಾವನು ಅಂಗಂದೋನು? ನಿನಗಿಂತ ಮುಂಚೆ ಇಲ್ಲಿದ್ದೋರು ದನದ ಡಾಕ್ಟ್ರು, ಒಬ್ರೇ ಇದ್ರು. ಅದ್ಕೂ ಮುಂಚೆ ಇದ್ದ ಕಂಡಕ್ಟ್ರೂ ಒಬ್ನೇ. ಎಂಡ್ರು ಅವ್ಳಾ ಅಂತ ನಾನು ನಿನ್ನ ಕೇಳಿದ್ನಾ? ಏಳು, ಕೇಳಿದ್ನಾ?”

ಕೇಳಿರಲಿಲ್ಲ. ಸೂರಿಗೋಸ್ಕರ ಅಂತ ನಿಮಗೆ ಹೇಳಿದೆನಲ್ಲ, ಅದೂ ಸುಳ್ಳು. ಆ ದಿನ ಬೀಗದ ಕೈ ಆಗಲೇ ನನ್ನ ಕೈಗೆ ಬಂದಿತ್ತು, ಮನೆ ನನ್ನದಾಗಿತ್ತು. ಸುಣ್ಣ ಬಳಿದ ವಾಸನೆಯ ಖಾಲಿ ಹಜಾರದಲ್ಲಿ ನಿಂತು, ನೀರು ಎಷ್ಟು ಬೇಕಾಗುತ್ತದೆ ಅಂತ ತಿಳಿಯಲಷ್ಟೇ, ಅನಸೂಯಕ್ಕ ಒಂದು ಮಾತು ಕೇಳಿದ್ದರು. ಹೋಟೆಲಿನ ಸಪ್ಲೈಯರುಗಳು ದಿನಾ ಕೇಳುವ ಮಾತು, ನಾನು ಸಾವಿರ ಸಲ ಹೌದು ಅಂದಿದ್ದ ಮಾತು. ಆ ದಿನ ಮಾತ್ರ ಹೌದು ಅನ್ನುವುದು ನನ್ನಿಂದ ಆಗಲಿಲ್ಲ.

“ಇಲ್ಲ ಅಕ್ಕ, ಅದನ್ನ ಕೇಳಲಿಲ್ಲ,” ಅಂದೆ. “ಒಬ್ರೇನಾ ಇರೋದು ಅಂತ ಕೇಳಿದ್ರಿ.”

ಅವರು ನನ್ನ ಮುಖ ನೋಡುತ್ತ ನಿಂತರು.

“ಹೌದು ಅಕ್ಕ. ಒಬ್ಬನೇ.”